ಗಾಜು ಒಡೆದರೆ ದಂಡ ತೆರುವವರು ಯಾರು?

ಕೆಲವು ತಿಂಗಳ ಹಿಂದೆ ನನ್ನ ಸೋದರಳಿಯನ ಕಾರಿನಲ್ಲಿ ತುಮಕೂರಿನಿಂದ ಶಿರಾ ಕಡೆಗೆ ಹೊರಟಿದ್ದೆ. ನಮ್ಮ ಮುಂದೆ ಜಲ್ಲಿ ತುಂಬಿದ ಲಾರಿಯೊಂದು ಸಾಗುತ್ತಿತ್ತು. ಅದರ ಚಕ್ರದಿಂದಲೋ, ಮೇಲಿನ ಹೊರೆಯಿಂದಲೋ ತಿಳಿಯದು, ಹುಣಿಸೆ ಬೀಜದಷ್ಟು ಗಾತ್ರದ ಕಲ್ಲೊಂದು ಸಿಡಿದು ಬಂದು ಮುಂದಿನ ಗಾಜಿಗೆ ಬಡಿಯಿತು. ಜೇಡರ ಬಲೆಯಂತೆ ಬಿರುಕು ಹರಡಿತು. ಆದರೆ ಒಂದು ಚೂರೂ ಒಳಗೆ ಬೀಳಲಿಲ್ಲ. ಲಾರಿ ತನ್ನ ಪಾಡಿಗೆ ತಾನು ಹೋಯಿತು. ಅಳಿಯ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, "ಮಾವ, ಇದರ ದುಡ್ಡು ಈಗ ಯಾರು ಕೊಡಬೇಕು?" ಎಂದು ಕೇಳಿದ.

ಅವನದು ಜೇಬಿನ ಚಿಂತೆ. ನನಗಾದರೋ ಒಂದು ಹಳೆಯ ಮೊಕದ್ದಮೆ ನೆನಪಿಗೆ ಬಂತು. ಇದೇ ಪ್ರಶ್ನೆಯನ್ನು ಎತ್ತಿದ, ಇದಕ್ಕಿಂತ ಬಹಳ ದುಃಖಕರವಾದ ಆ ಪ್ರಸಂಗವನ್ನು ನಿಮಗೆಲ್ಲ ಹೇಳಬೇಕೆನಿಸಿತು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬ್ಯಾಕ್ಸ್‌ಟರ್ ಎಂಬಾತ 1930ರ ಮೇ ತಿಂಗಳಲ್ಲಿ ಫೋರ್ಡ್ ಕಂಪನಿಯ 'ಮಾಡೆಲ್ ಎ' ಕಾರೊಂದನ್ನು ಸ್ಥಳೀಯ ವ್ಯಾಪಾರಿಯಿಂದ ಕೊಂಡನು. ಅದೇ ವರ್ಷದ ಅಕ್ಟೋಬರ್ 12ರಂದು ಸ್ನೋಕ್ವಾಲ್ಮಿ ಎಂಬ ಕಣಿವೆ ದಾರಿಯಲ್ಲಿ ಹೋಗುತ್ತಿದ್ದಾಗ, ಹಾದು ಹೋದ ಇನ್ನೊಂದು ಕಾರಿನಿಂದ ಚಿಮ್ಮಿದ ಸಣ್ಣ ಕಲ್ಲು ಮುಂದಿನ ಗಾಜಿಗೆ ತಗುಲಿತು. ಗಾಜಿನ ಚೂರುಗಳು ಹಾರಿ ಅವನ ಎಡಗಣ್ಣು ಹೋಯಿತು. ಬಲಗಣ್ಣಿನ ದೃಷ್ಟಿಗೂ ಪೆಟ್ಟು ಬಿತ್ತು.

ಇದಕ್ಕೆ ಹೊಣೆ ಯಾರು? ರಸ್ತೆಯಲ್ಲಿ ಬಿದ್ದಿದ್ದ ಕಲ್ಲು ಚಕ್ರಕ್ಕೆ ಸಿಕ್ಕಿ ಹಾರಿದರೆ, ಆ ಕಾರು ಓಡಿಸುತ್ತಿದ್ದವನು ಅಜಾಗರೂಕನೆಂದು ತೋರಿಸುವುದು ಕಷ್ಟ. ಮಾರಿದ ವ್ಯಾಪಾರಿಯನ್ನು ಕೇಳೋಣವೆಂದರೆ, ತಾನು ಯಾವ ಭರವಸೆಯನ್ನೂ ಕೊಟ್ಟಿಲ್ಲವೆಂದು ಅವನು ಕರಾರುಪತ್ರದಲ್ಲಿ ಬರೆಸಿಕೊಂಡಿದ್ದನು. ಇನ್ನು ಉಳಿದದ್ದು ಕಾರು ತಯಾರಿಸಿದ ಕಂಪನಿ. ಅದಕ್ಕೂ ಬ್ಯಾಕ್ಸ್‌ಟರನಿಗೂ ನೇರವಾದ ಕರಾರೇ ಇರಲಿಲ್ಲ. ಕರಾರು ಮಾಡಿಕೊಂಡವರ ನಡುವೆ ಮಾತ್ರ ಹೊಣೆಗಾರಿಕೆ ಎಂಬುದು ಇಂಗ್ಲೆಂಡಿನಲ್ಲಿ 1842ರ ವಿಂಟರ್‌ಬಾಟಮ್ ಮೊಕದ್ದಮೆಯಿಂದ ಬೇರೂರಿದ್ದ ತತ್ತ್ವ. ಅಲ್ಲಿ ಅಂಚೆಯ ಕುದುರೆಗಾಡಿ ಮುರಿದು ಗಾಯಗೊಂಡ ಸಾರಥಿಗೆ, ಗಾಡಿಯನ್ನು ಸುಸ್ಥಿತಿಯಲ್ಲಿಡಲು ಒಪ್ಪಿಕೊಂಡಿದ್ದವನಿಂದ ಬಿಡಿಗಾಸೂ ದೊರೆಯಲಿಲ್ಲ.

ಆದರೆ ಫೋರ್ಡ್ ಕಂಪನಿ ಒಂದು ಮಾತು ಆಡಿತ್ತು. ತನ್ನ ಕಾರುಗಳ ಮುಂದಿನ ಗಾಜು ಎಂಥ ಹೊಡೆತಕ್ಕೂ ಚೂರಾಗಿ ಹಾರುವುದಿಲ್ಲವೆಂದು ಅಚ್ಚು ಹಾಕಿಸಿ ಹಂಚಿತ್ತು. ಆ ಹೇಳಿಕೆಯ ಹಿಂದೆಯೂ ಒಂದು ಸ್ವಾರಸ್ಯವಾದ ಕಥೆಯುಂಟು. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಎಂಬಾತನ ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆಯೊಂದು ಕೆಳಗೆ ಬಿದ್ದಿತು. ಬಿರುಕು ಬಿಟ್ಟಿತೇ ಹೊರತು ಚೂರಾಗಲಿಲ್ಲ. ಒಳಗೆ ಒಣಗಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. ಎರಡು ಗಾಜಿನ ಹಾಳೆಗಳ ನಡುವೆ ಇಂಥ ಪೊರೆಯನ್ನಿಟ್ಟ ಗಾಜಿಗೆ ಆತ 1909ರಲ್ಲಿ ಪೇಟೆಂಟ್ ಪಡೆದನು. 'ಟ್ರಿಪ್ಲೆಕ್ಸ್' ಎಂದು ಪ್ರಸಿದ್ಧವಾದದ್ದು ಇದೇ. ಆ ಪೊರೆ ಬಿಸಿಲಿಗೆ ಹಳದಿಗಟ್ಟುತ್ತಿತ್ತು. ಅದಕ್ಕಿಂತ ಉತ್ತಮವಾದ ಪ್ಲಾಸ್ಟಿಕ್ ಪೊರೆ ಬಂದದ್ದು 1930ರ ದಶಕದ ಕೊನೆಯಲ್ಲಿ.

ಬ್ಯಾಕ್ಸ್‌ಟರ್ ನ್ಯಾಯಾಲಯಕ್ಕೆ ಹೋದನು. ಕೆಳ ನ್ಯಾಯಾಲಯ ವ್ಯಾಪಾರಿ ಮತ್ತು ಕಂಪನಿ ಇಬ್ಬರ ಪರವಾಗಿಯೂ ತೀರ್ಪಿತ್ತಿತು. 1932ರಲ್ಲಿ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ವ್ಯಾಪಾರಿಯನ್ನು ಬಿಟ್ಟು, ಕಂಪನಿಯ ವಿರುದ್ಧ ಹೊಸ ವಿಚಾರಣೆಗೆ ಆಜ್ಞೆ ಮಾಡಿತು. ಅದರ ತರ್ಕ ಸರಳವಾದದ್ದು. ಗಾಜು ಒಡೆಯುತ್ತದೆಯೋ ಇಲ್ಲವೋ ಎಂಬುದನ್ನು ಸಾಮಾನ್ಯ ಗ್ರಾಹಕನು ನೋಡಿ ತಿಳಿಯಲಾರ. ತಯಾರಕನ ಮಾತನ್ನೇ ನಂಬಬೇಕು. ರೇಡಿಯೋ, ಜಾಹೀರಾತು ಫಲಕ, ಮುದ್ರಣಗಳ ಮೂಲಕ ಹೊಗಳಿಕೊಂಡು ಬೇಡಿಕೆ ಹುಟ್ಟಿಸಿ ಲಾಭ ಪಡೆದವರು, ಮಾತು ಸುಳ್ಳಾದಾಗ 'ನಿನಗೂ ನಮಗೂ ಕರಾರಿಲ್ಲ' ಎಂದು ಜಾರಿಕೊಳ್ಳುವುದು ನ್ಯಾಯವಲ್ಲ. ಮರುವಿಚಾರಣೆಯಲ್ಲಿ ಪಂಚರು ಬ್ಯಾಕ್ಸ್‌ಟರನ ಪರ ನಿಂತರು. ಇದಕ್ಕಿಂತ ಉತ್ತಮ ಗಾಜನ್ನು ಯಾರೂ ಮಾಡುತ್ತಿರಲಿಲ್ಲವೆಂಬ ಕಂಪನಿಯ ವಾದವನ್ನು ಒಪ್ಪದೆ, ಮೇಲಿನ ನ್ಯಾಯಾಲಯ 1934ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಪ್ರಶ್ನೆ ಗಾಜಿನ ಗುಣಮಟ್ಟದ್ದಲ್ಲ, ಕೊಟ್ಟ ಮಾತಿನದು.

ಅದೇ 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಶುಂಠಿ ಪಾನೀಯದ ಬಾಟಲಿಯಲ್ಲಿ ಬಸವನಹುಳು ಇತ್ತೆಂಬ ಡೊನಹ್ಯೂ ಮೊಕದ್ದಮೆಯಲ್ಲಿ, ತಯಾರಕನಿಗೆ ತನ್ನ ವಸ್ತುವನ್ನು ಕಟ್ಟಕಡೆಗೆ ಬಳಸುವವನ ಬಗ್ಗೆಯೂ ಎಚ್ಚರಿಕೆಯ ಹೊಣೆಯುಂಟೆಂದು ಸಾರಿತು. ಒಂದೇ ವರ್ಷದಲ್ಲಿ, ಸಾಗರದ ಎರಡು ದಡಗಳಲ್ಲಿ, ಹಳೆಯ ಕರಾರಿನ ಗೋಡೆ ಬಿರುಕು ಬಿಟ್ಟಿತು.

ನಮ್ಮ ದೇಶದ ಮಾತೇನು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಮುಂದಿನ ಗಾಜು ಪದರಗಾಜೇ ಆಗಿರಬೇಕು. ನಮ್ಮ ಕಾರಿನ ಗಾಜು ಚೂರಾಗದೆ ನಿಂತದ್ದು ಅದರಿಂದಲೇ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 84ನೆಯ ಕಲಮಿನ ಪ್ರಕಾರ, ತಯಾರಕನು ಸ್ಪಷ್ಟವಾಗಿ ಕೊಟ್ಟ ಭರವಸೆಗೆ ವಸ್ತು ತಕ್ಕಂತಿಲ್ಲದೆ ಹಾನಿಯಾದರೆ, ಆ ಭರವಸೆ ಕೊಡುವಾಗ ತಾನು ಅಜಾಗರೂಕನೂ ವಂಚಕನೂ ಆಗಿರಲಿಲ್ಲವೆಂದು ಸಿದ್ಧಪಡಿಸಿದರೂ ಹೊಣೆ ತಪ್ಪುವುದಿಲ್ಲ. ಇದನ್ನು ಓದಿದಾಗ, ಆ ಒಂದು ಕಣ್ಣಿನ ಬೆಲೆ ಎಷ್ಟು ದೂರದವರೆಗೆ ಸಂದಿದೆ ಎಂದು ನನಗೆ ಅನ್ನಿಸಿತು.

ಆದರೆ ಇದೇ ಅಧಿನಿಯಮದಲ್ಲಿ 'ಹಾನಿ' ಎಂದರೆ ದೇಹಕ್ಕೋ, ಬೇರೆ ಆಸ್ತಿಗೋ ಆದ ಹಾನಿ. ವಸ್ತುವಿಗೇ ಆದದ್ದು ಅದರಲ್ಲಿ ಸೇರದು. ಅಂದರೆ ಕಣ್ಣು ಹೋದರೆ ದಾರಿಯುಂಟು, ಬರೀ ಗಾಜು ಹೋದರೆ ಈ ದಾರಿಯಲ್ಲ. ಲಾರಿಯ ಹೊರೆ ಮುಚ್ಚದೆ ಕಲ್ಲು ಉದುರಿದ್ದರೆ ಅದು ಅಜಾಗರೂಕತೆಯೇ, ಪರಿಹಾರ ಕೇಳಬಹುದು. ಆದರೆ ಲಾರಿಯ ಸಂಖ್ಯೆ ಬೇಕು, ಸಾಕ್ಷಿ ಬೇಕು. ಹೀಗಾಗಿ ಕೊನೆಗೆ ಉಳಿಯುವುದು ನಮ್ಮದೇ ವಿಮೆ. ಕಾನೂನು ಕಡ್ಡಾಯ ಮಾಡಿರುವ 'ಥರ್ಡ್ ಪಾರ್ಟಿ' ವಿಮೆಯೊಂದೇ ಇದ್ದರೆ ನಮ್ಮ ಗಾಜಿಗೆ ಏನೂ ಬರದು. ಸ್ವಂತ ವಾಹನದ ಹಾನಿಯನ್ನೂ ಒಳಗೊಂಡ ಪಾಲಿಸಿಯಿದ್ದರೆ ಗಾಜಿಗೆ ಸವಕಳಿ ಕಡಿತವಿಲ್ಲ; ನಿಗದಿಯಾದ ಸಣ್ಣ ಮೊತ್ತವನ್ನು ಮಾಲೀಕ ಹೊರಬೇಕು. ಜೊತೆಗೆ, ವರ್ಷವಿಡೀ ಕ್ಲೇಮು ಮಾಡದವರಿಗೆ ಸಿಗುವ ರಿಯಾಯಿತಿ ತಪ್ಪಬಹುದು. ಅಳಿಯ ಲೆಕ್ಕ ಹಾಕಿ ನೋಡಿ, ವಿಮೆಯ ಕಡೆಗೇ ಹೋದ.

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಡೆದ ಗಾಜನ್ನು ಬದಲಿಸಬಹುದು. ಆಡಿದ ಮಾತಿಗೆ ಮಾತ್ರ ಆಡಿದವನೇ ಬೆಲೆ ತೆರಬೇಕು. ಅದನ್ನು ಒಂದು ದೊಡ್ಡ ಕಂಪನಿಗೆ ಕಲಿಸಲು ಒಬ್ಬ ಸಾಮಾನ್ಯನು ಕಣ್ಣು ಕಳೆದುಕೊಂಡು ನಾಲ್ಕು ವರ್ಷ ಕಾದನು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಾರ್ಖಾನೆಗಳಲ್ಲಿ, ಮಾರಾಟ ವಿಭಾಗಗಳಲ್ಲಿ ದೊಡ್ಡ ಹುದ್ದೆಗಳಲ್ಲಿದ್ದೀರಿ. ಜಾಹೀರಾತಿನ ಸಾಲೊಂದಕ್ಕೆ ಸಹಿ ಹಾಕುವ ಮುನ್ನ ಸ್ನೋಕ್ವಾಲ್ಮಿಯ ಆ ಸಣ್ಣ ಕಲ್ಲನ್ನು ಒಮ್ಮೆ ನೆನೆಯಿರಿ. ಜಲ್ಲಿ ಲಾರಿಯ ಹಿಂದೆ ಹೋಗುವಾಗ ಸ್ವಲ್ಪ ದೂರ ಬಿಟ್ಟು ಹೋಗಿ. ಎಲ್ಲರಿಗೂ ಶುಭವಾಗಲಿ.