ಯುದ್ಧ ಉದ್ದ ಮಾಡಿದ ಹೈಸ್ಕೂಲಿನ ದಾರಿ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ಕುಣಿಗಲ್ಲಿನ ಕಡೆಗೆ ಹೊರಟರೆ ನಡುವೆ ಸಿಗುವ ಊರು ಸೋಲೂರು. ಮಾಗಡಿ ಸೀಮೆಯ ಹೋಬಳಿ ಊರು. ಎರಡನೆಯ ಮಹಾಯುದ್ಧ ಶುರುವಾದ 1939ರಲ್ಲಿ ಮೈಸೂರು ಸಂಸ್ಥಾನದ ಇಂಥ ಊರುಗಳಿಗೆ ಹೈಸ್ಕೂಲು ಎಂಬುದು ಬಹುಮಟ್ಟಿಗೆ ದೂರದ ಪೇಟೆಯ ಮಾತು. ಮಿಡ್ಲ್ ಸ್ಕೂಲು ಮುಗಿಸಿ ಮುಂದೆ ಓದಬೇಕೆಂದರೆ ಹುಡುಗ ಊರು ಬಿಡಬೇಕಿತ್ತು. ಯುದ್ಧದ ಆರು ವರ್ಷಗಳನ್ನು ಹಳ್ಳಿಯ ಶಿಕ್ಷಣದ ಮಟ್ಟಿಗೆ ಕಳೆದುಹೋದ ಕಾಲವೆಂದು ಲೆಕ್ಕ ಹಾಕುವುದು ರೂಢಿ. ನನಗೆ ಆ ಲೆಕ್ಕ ಸರಿಯೆನಿಸುವುದಿಲ್ಲ. ಊರಿಗೂ ಹೈಸ್ಕೂಲಿಗೂ ನಡುವಿನ ದೂರ ಅಲ್ಲಿಯವರೆಗೆ ಹುಡುಗನ ಹಣೆಬರಹವಾಗಿತ್ತು. ಯುದ್ಧ ಆ ದೂರವನ್ನು ಹಿಗ್ಗಿಸಿ, ಅದು ಸರ್ಕಾರವೂ ಸಮಾಜವೂ ಹೊರಬೇಕಾದ ಹೊಣೆ ಎಂಬುದನ್ನು ಎತ್ತಿ ತೋರಿಸಿತು.

ಯುದ್ಧಕ್ಕೆ ಮೊದಲಿನ ಸ್ಥಿತಿಗೆ ಇದೇ ಸೀಮೆಯಲ್ಲಿ ಸಾಕ್ಷಿಯಿದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಣ್ಣ ಎಂಬ ಬಾಲಕ ನಾಗವಲ್ಲಿಯ ಶಾಲೆಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ ಪಾಸು ಮಾಡಿದ್ದು ತುಮಕೂರು ಸೀಮೆಗೆ ಹೋಗಿ. ಮುಂದೆ ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲಿಗಾಗಿ 1935ರಲ್ಲಿ ಬೆಂಗಳೂರಿನವರೆಗೆ ನಡೆದೇ ಬಂದದ್ದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಇಂಥ ಕಥೆಗಳನ್ನು ನಾವು ಛಲದ ಕಥೆಗಳೆಂದು ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಒಬ್ಬ ನಡೆದು ಬಂದದ್ದು ಇತಿಹಾಸವಾಗಿ ಉಳಿದಿದೆಯೆಂದರೆ, ನಡೆಯಲಾರದೆ ಊರಲ್ಲೇ ಉಳಿದವರು ಎಷ್ಟೋ ಮಂದಿ ಎಂದೂ ಅರ್ಥವಲ್ಲವೇ? ಊರು ಬಿಟ್ಟ ಬಡ ಹುಡುಗರನ್ನು ಪೇಟೆಯಲ್ಲಿ ಕಾಪಾಡಿದ್ದು ಎರಡು ಆಸರೆಗಳು: ಜಾತಿ ಸಂಘಗಳೂ ಮಠಗಳೂ ನಡೆಸುತ್ತಿದ್ದ ಉಚಿತ ವಿದ್ಯಾರ್ಥಿ ನಿಲಯಗಳು, ಮತ್ತು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆಗಳಲ್ಲಿ ಏಳು ದಿನದ ಊಟ ಗೊತ್ತುಮಾಡಿಕೊಳ್ಳುವ ಆ ಪದ್ಧತಿ ಕೊಟ್ಟವರ ಔದಾರ್ಯದ ಮೇಲೆ ನಿಂತಿತ್ತು. ಜಾತಿಯ ಗೆರೆಯೊಳಗೇ ನಿಂತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಯುದ್ಧ ಬಿದ್ದದ್ದು ನೇರವಾಗಿ ಈ ಏರ್ಪಾಟಿನ ಮೇಲೆ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ನಿಂತಿತು, ಸೀಮೆಎಣ್ಣೆಯೂ ನಿಂತಿತು. ಪೆಟ್ರೋಲಿಗೆ ಪಡಿತರ ಬಂದು ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡತೊಡಗಿದವು. ಬಸ್ಸಿಗೆ ಉದ್ದನೆಯ ಕಬ್ಬಿಣದ ಒಲೆಯೊಂದನ್ನು ಜೋಡಿಸಿ, ಇದ್ದಿಲು ತುಂಬಿ, ಬೆಳಗಿನ ಜಾವವೇ ಕೆಂಡ ಮಾಡಬೇಕು. ಕ್ಲೀನರ್ ಹಿಡಿ ತಿರುಗಿಸಿ ಗಾಳಿ ಊದಿ, ಗ್ಯಾಸು ಕಟ್ಟಿದ ಮೇಲಷ್ಟೇ ಎಂಜಿನ್ನಿಗೆ ಜೀವ. ಏರು ಬಂದರೆ ಬಸ್ಸು ಏದುಸಿರು ಬಿಡುತ್ತಿತ್ತು. ಹೆದ್ದಾರಿಯ ಮೈಲಿಗಲ್ಲುಗಳು ಇದ್ದಲ್ಲೇ ಇದ್ದವು. ಪೇಟೆ ಮಾತ್ರ ದೂರವಾಯಿತು. ಇನ್ನು ಊಟ. ಮನೆಗೆ ತಲೆಯ ಲೆಕ್ಕದಲ್ಲಿ ಪಡಿ ಅಳೆಯುವಾಗ ವಾರಕ್ಕೊಂದು ದಿನ ಬರುವ ಹುಡುಗನಿಗೆ ಎಲೆ ಹಾಕುವುದು ಎಂಥ ಉದಾರಿಗೂ ಕಷ್ಟವೇ. ಊರಿನಿಂದ ರಾಗಿ ಮೂಟೆ ತರಿಸೋಣವೆಂದರೆ ಧಾನ್ಯ ಸಾಗಣೆಗೆ ನಿರ್ಬಂಧ, ರೈತನ ಕಣದಲ್ಲಿ ಲೆವಿಯ ಹೆಸರಿನ ಕಡ್ಡಾಯ ಧಾನ್ಯ ವಸೂಲಿ. ಭದ್ರಾವತಿಯಲ್ಲಿ 1936ರಲ್ಲೇ ಕಾಗದದ ಕಾರ್ಖಾನೆ ಸ್ಥಾಪನೆಯಾಗಿದ್ದರೂ, ದೇಶದ ಗಿರಣಿಗಳ ಕಾಗದದಲ್ಲಿ ಹೆಚ್ಚಿನ ಪಾಲು ಸರ್ಕಾರದ ಕೆಲಸಕ್ಕೆ ಮೀಸಲಾಗಿ ನೋಟ್ ಪುಸ್ತಕವೂ ದುರ್ಲಭವಾಯಿತು. 1941ರ ಜನವರಿಯಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಎದುರಿಸಿದ್ದು ಇಂಥ ಕಾಲವನ್ನು. ಊರು ಬಿಟ್ಟು ಓದಿದವರು ಊರು ಬಿಟ್ಟು ಬಂದವರಿಗೆ ಅನ್ನ ಹೊಂದಿಸಬೇಕಾಯಿತು.

ಇದೇ ವರ್ಷಗಳಲ್ಲಿ ಶಿಕ್ಷಣದ ನಾಳೆಯ ಬಗ್ಗೆ ದೊಡ್ಡ ಮಾತುಗಳು ನಡೆದವು. ಮೈಸೂರು ಸರ್ಕಾರ 1941ರ ಕಾಯಿದೆಯಿಂದ ಪ್ರಾಥಮಿಕ ಶಿಕ್ಷಣವನ್ನು ಸ್ಥಳೀಯ ಸಂಸ್ಥೆಗಳ ಕೈಯಿಂದ ತಾನೇ ವಹಿಸಿಕೊಂಡಿತು. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆಯ) ವಿಮಾನ ವಿಜ್ಞಾನ ವಿಭಾಗ ಹುಟ್ಟಿದವು. ನಕ್ಷೆ ಓದಬಲ್ಲ, ಅಳತೆ ಹಿಡಿಯಬಲ್ಲ ಹುಡುಗರು ಬೇಕಾದರು. 1944ರಲ್ಲಿ ಭಾರತ ಸರ್ಕಾರದ ಶಿಕ್ಷಣ ಸಲಹೆಗಾರ ಜಾನ್ ಸಾರ್ಜೆಂಟರ ಹೆಸರಿನಲ್ಲಿ ಪ್ರಸಿದ್ಧವಾದ ಯುದ್ಧೋತ್ತರ ಯೋಜನೆ ಬಂತು. 6ರಿಂದ 14ರ ವಯಸ್ಸಿನ ಎಲ್ಲ ಮಕ್ಕಳಿಗೆ ಕಡ್ಡಾಯ, ಉಚಿತ ಶಿಕ್ಷಣ. ಹೈಸ್ಕೂಲಿನಲ್ಲಿ ಮಾತೃಭಾಷೆಯೇ ಮಾಧ್ಯಮ. ಸಾಮಾನ್ಯ ಮತ್ತು ತಾಂತ್ರಿಕ ಎಂದು ಎರಡು ಬಗೆಯ ಹೈಸ್ಕೂಲು. ಇವು ದೂರದೃಷ್ಟಿಯ ಮಾತುಗಳೇ. ಆದರೆ ಅದೇ ಯೋಜನೆ ಹೈಸ್ಕೂಲನ್ನು ಆಯ್ದ ಮಕ್ಕಳಿಗೆ, ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಉದ್ದೇಶಿಸಿತು; ಎಲ್ಲವೂ ಪೂರ್ತಿಯಾಗಲು 40 ವರ್ಷ ಕೇಳಿತು.

ಕಾಗದದ ಮೇಲೆ ಉಳಿದ ಯೋಜನೆಗೂ ಹೋಬಳಿ ಊರಿಗೂ ಏನು ಸಂಬಂಧ, ಶಾಲೆಗಳು ಬಂದದ್ದು ಸ್ವಾತಂತ್ರ್ಯದಿಂದಲ್ಲವೇ ಎಂದು ಕೇಳಬಹುದು. ಸ್ವಾತಂತ್ರ್ಯ ಚಳವಳಿಯ ಪಾಲು ದೊಡ್ಡದು, ನಿಜ. 1942ರಲ್ಲಿ ತರಗತಿ ಬಿಟ್ಟು ಜೈಲಿಗೆ ಹೋದ ನರಸಿಂಹಯ್ಯನವರು ಮುಂದೆ ಗ್ರಾಮಾಂತರ ಊರುಗಳಿಗೇ ನ್ಯಾಷನಲ್ ಶಿಕ್ಷಣ ಸಂಸ್ಥೆಗಳನ್ನು ಕೊಂಡೊಯ್ದರು. ಕನಕಪುರದಲ್ಲಿ ಹೋರಾಟಗಾರ ಎಸ್. ಕರಿಯಪ್ಪನವರು ಗ್ರಾಮೀಣ ಶಿಕ್ಷಣ ಸಂಸ್ಥೆ ಕಟ್ಟಿದರು. ಆದರೆ ಅವರು ಕಟ್ಟಿದ್ದು ಐವರಲ್ಲಿ ಒಬ್ಬನನ್ನು ಆರಿಸಿ ಪೇಟೆಗೆ ಕಳಿಸುವ ಶಾಲೆಯನ್ನಲ್ಲ. ಐವರಿಗೂ ಹತ್ತಿರವಾಗುವ ಶಾಲೆಯನ್ನು. ಆ ಅರಿವು ಚಳವಳಿಯ ಆದರ್ಶದಿಂದಷ್ಟೇ ಬರಲಿಲ್ಲ, ದೂರದ ಕಷ್ಟ ಉಂಡ ಅನುಭವದಿಂದಲೂ ಬಂತು. ತೊಡಕು ಬಡತನದ್ದು, ದೂರದ್ದಲ್ಲ ಎಂಬ ಇನ್ನೊಂದು ವಾದವಿದೆ. ಆ ವಾದವನ್ನೂ ಯುದ್ಧವೇ ಪರೀಕ್ಷಿಸಿತು. ಜಪಾನಿನ ರೇಷ್ಮೆ ನಿಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ, ಚನ್ನಪಟ್ಟಣ, ಕನಕಪುರದ ಕಡೆಯ ಗೂಡಿಗೆ ಯುದ್ಧದಲ್ಲಿ ಒಳ್ಳೆಯ ಬೆಲೆ ಬಂತು. ಆದರೆ ಕೈಯಲ್ಲಿ ದುಡ್ಡು ಆಡಿದ ಮಾತ್ರಕ್ಕೆ ಪೇಟೆಯಲ್ಲಿ ಮಗನ ಪಾಲಿನ ಪಡಿ ಸಿಗುವಂತಿರಲಿಲ್ಲ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರುವ ಹೊತ್ತಿಗೆ ಮನೆಗೆ ಬೇಕಾದ ಕೈಗಳನ್ನು ದೂರ ಕಳಿಸುವಂತೆಯೂ ಇರಲಿಲ್ಲ. ನಡೆದು ಹೋಗಿ ಸಂಜೆ ಮನೆ ಸೇರುವಷ್ಟು ಹತ್ತಿರದ ಶಾಲೆ ಮಾತ್ರ ಈ ಎರಡಕ್ಕೂ ಉತ್ತರ.

ದೂರ ಅಳಿದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಜಾತಿಯ ಬಾಗಿಲು ಶಾಲೆ ಹತ್ತಿರ ಬಂದ ಮಾತ್ರಕ್ಕೆ ತೆರೆಯುವುದಿಲ್ಲ. ಆದರೆ ಹೆಣ್ಣುಮಕ್ಕಳನ್ನು ನೆನೆದರೆ ದೂರದ ಭಾರ ತಿಳಿಯುತ್ತದೆ. ವಾರಾನ್ನವಾಗಲಿ, ಮಠದ ನಿಲಯವಾಗಲಿ, ಮೈಲಿಗಟ್ಟಲೆ ನಡಿಗೆಯಾಗಲಿ ಅವರಿಗಾಗಿ ಇದ್ದದ್ದೇ ಅಲ್ಲ. ಹುಡುಗನಿಗೆ ದೂರ ಒಂದು ಕಷ್ಟ. ಹುಡುಗಿಗೆ ಅದೇ ಕೊನೆ. ಎಲ್ಲ ಮಕ್ಕಳಿಗೂ ಶಾಲೆ ಎಂಬ ಗುರಿಗೆ ಸಂವಿಧಾನದ 45ನೇ ವಿಧಿ ಸಾರ್ಜೆಂಟರ 40 ವರ್ಷವನ್ನು 10ಕ್ಕೆ ಇಳಿಸಿತು. ಆದರೂ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಹತ್ತು ವರ್ಷಗಳ ಬಳಿಕ ಕೋವಿಡ್ ಶಾಲೆಗಳ ಬಾಗಿಲು ಹಾಕಿಸಿದಾಗ ದೂರ ಮತ್ತೆ ಹಿಗ್ಗಿತು, ಈ ಸಲ ಮೊಬೈಲ್ ಸಿಗ್ನಲ್ಲಿನ ರೂಪದಲ್ಲಿ. ಆಗ ವಿದ್ಯಾಗಮ ಯೋಜನೆಯ ಹೆಸರಿನಲ್ಲಿ ಮೇಷ್ಟ್ರುಗಳೇ ಹಳ್ಳಿಗೆ ಬಂದು ಮರದ ನೆರಳಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಆದ್ದರಿಂದ ಮಕ್ಕಳು ಕಡಿಮೆಯೆಂದು ಊರ ಶಾಲೆಯನ್ನು ದೂರದ ಶಾಲೆಗೆ ಸೇರಿಸುವ ಲೆಕ್ಕ ಹಾಕುವವರು, ಅಲ್ಲಿಗೆ ಹೋಗಲಾರದೆ ಮನೆಯಲ್ಲೇ ಉಳಿಯುವ ಹುಡುಗಿಯನ್ನೂ ಆ ಲೆಕ್ಕದಲ್ಲಿ ಬರೆದುಕೊಳ್ಳಬೇಕು.