ಹನ್ನೊಂದು ತಿಂಗಳ ಕಾಗದ

ಕಳೆದ ಜೂನ್‌ನಲ್ಲಿ ಧಾರವಾಡದಿಂದ ಅಣ್ಣನ ಮಗಳ ಫೋನು. ಪುಣೆಯಲ್ಲಿ ಎಂಬಿಎ ಸೀಟು ಸಿಕ್ಕಿತ್ತು. "ಕಾಕಾ, ರೂಮೂ ಸಿಕ್ಕೈತಿ. ಫೋಟೋ ಭಾಳ ಛಲೋ ಅದಾವ. ಇವತ್ತ ಟೋಕನ್ ಹತ್ತು ಸಾವಿರ ಹಾಕ್ಬೇಕಂತ, ಇಲ್ಲಾಂದ್ರ ಬ್ಯಾರೇದವ್ರಿಗೆ ಕೊಡ್ತಾರಂತ."

ಮನೆಯನ್ನು ಕಣ್ಣಾರೆ ನೋಡಿದವರು ಯಾರೂ ಇಲ್ಲ. ಮಾಲೀಕರ ಹೆಸರೂ ಗೊತ್ತಿಲ್ಲ. "ರೊಕ್ಕ ಹಾಕಬ್ಯಾಡ, ಸಂಜೀಕೆ ನಾನ ಹೋಗಿ ನೋಡ್ತೀನಿ" ಎಂದೆ. ಆಫೀಸು ಮುಗಿಸಿ ಆ ವಿಳಾಸಕ್ಕೆ ಹೋದರೆ ಅಲ್ಲಿದ್ದದ್ದು ಟೈರಿನ ಅಂಗಡಿ.

ಅವತ್ತು ರಾತ್ರಿ ನನ್ನದೇ ಹಳೆಯ ಕಥೆ ನೆನಪಾಯಿತು. 2005ರಲ್ಲಿ ಎಂಟೆಕ್ ಮುಗಿಸಿ ಇಲ್ಲಿಗೆ ಬಂದಾಗ ಇಬ್ಬರು ಗೆಳೆಯರ ಜೊತೆ ಒಂದು ಮನೆ ಹಿಡಿದಿದ್ದೆ. ನೂರು ರೂಪಾಯಿಯ ಸ್ಟ್ಯಾಂಪ್ ಪೇಪರ್, ಹನ್ನೊಂದು ತಿಂಗಳ ಕರಾರು, ಮೂರು ತಿಂಗಳ ಡಿಪಾಜಿಟ್. ರಿಜಿಸ್ಟರ್ ಮಾಡಿಸಲಿಲ್ಲ, ಕಾಗದದ ಪ್ರತಿ ಕೂಡ ಕೇಳಲಿಲ್ಲ. ಬಿಡುವಾಗ ಮಾಲೀಕರು ಸುಣ್ಣಬಣ್ಣದ ಖರ್ಚೆಂದು ಡಿಪಾಜಿಟ್ ಪೂರ್ತಿ ಹಿಡಿದುಕೊಂಡರು. ಮರುಮಾತಾಡದೆ ಬಂದುಬಿಟ್ಟೆ. ಹನ್ನೆರಡಲ್ಲ, ಹನ್ನೊಂದೇ ತಿಂಗಳು ಏಕೆಂದು ಕೇಳಬೇಕೆಂದೂ ಆಗ ಹೊಳೆಯಲಿಲ್ಲ.

ಓದಲು ಊರು ಬಿಟ್ಟು ಬರುವುದು ನಮ್ಮ ಭಾಗಕ್ಕೆ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತದಲ್ಲಿದ್ದವು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅಲ್ಲಿಯವರೆಗೆ ಪದವಿ ಬೇಕೆಂದರೆ ಪುಣೆಯ ಡೆಕ್ಕನ್ ಕಾಲೇಜೋ ಫರ್ಗ್ಯುಸನ್ ಕಾಲೇಜೋ, ಇಲ್ಲವೇ ಮುಂಬಯಿ. ಹಾಸ್ಟೆಲಿಗೆ ಹಣವಿಲ್ಲದ ಹುಡುಗರಿಗೆ ನೆಂಟರ ಮನೆಯ ಪಡಸಾಲೆಯೇ ವಸತಿ, ಊಟಕ್ಕೆ ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಕರಾರು ಪತ್ರ ಇರಲಿಲ್ಲ, ಡಿಪಾಜಿಟ್ಟೂ ಇರಲಿಲ್ಲ. "ಇಂಥವರ ಮಗ" ಎಂಬ ಮಾತೇ ಜಾಮೀನು.

ಆ ಜಾಮೀನಿನ ಇನ್ನೊಂದು ಹೆಸರು ಜಾತಿ. ಅದು ಕೆಲವರಿಗೆ ಬಾಗಿಲು ತೆರೆದರೆ ಉಳಿದವರಿಗೆ ಗೋಡೆಯಾಗಿತ್ತು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರಿಗೆ ಆ ಊರಿನಲ್ಲಿ ಒಂದು ಕೋಣೆ ಹುಟ್ಟಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ರಾತ್ರಿಯ ರೈಲಿನ ತನಕ ಅವರು ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿದ್ದರು.

ಈ ಗೋಡೆಯನ್ನು ಬಲ್ಲವರೇ ಹಾಸ್ಟೆಲು ಕಟ್ಟಿದರು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದೇ ಸಮುದಾಯದ ವಿದ್ಯಾರ್ಥಿಗಳಿಗೆ ಬೋರ್ಡಿಂಗ್ ತೆರೆಯಿಸಿದರು. ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಬಂತು, ಲಿಂಗಾಯತರಿಗೂ ಒಂದಾಯಿತು. ನಮ್ಮಲ್ಲಿ ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಎಷ್ಟೋ ಹಳ್ಳಿಯ ಹುಡುಗರು ಮುಂದೆ ಮೇಷ್ಟ್ರಾದರು, ಅಧಿಕಾರಿಗಳಾದರು.

ಇನ್ನು ಕಾಗದದ ಕಥೆ. ಮೊದಲ ಮಹಾಯುದ್ಧದ ಹೊತ್ತಿಗೆ ಮುಂಬಯಿಯಲ್ಲಿ ಬಾಡಿಗೆ ಏರಿ, 1918ರಲ್ಲಿ ಸರಕಾರ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. 1947ರ ಬಾಂಬೆ ರೆಂಟ್ ಆ್ಯಕ್ಟ್ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದು ರಕ್ಷೆ, ಹೊಸದಾಗಿ ಬಂದವರಿಗೆ ಮುಚ್ಚಿದ ಬಾಗಿಲು. ಬಾಡಿಗೆದಾರ ಒಮ್ಮೆ ಕೂತರೆ ಏಳುವುದಿಲ್ಲ ಎಂದು ಮಾಲೀಕರು ಪಗಡಿ ಕೇಳತೊಡಗಿದರು. ಇಲ್ಲವೇ "ಇದು ಬಾಡಿಗೆಯಲ್ಲ, ಬರೀ ಇರಲು ಪರವಾನಗಿ" ಎಂದು ಲೀವ್ ಆ್ಯಂಡ್ ಲೈಸೆನ್ಸ್ ಬರೆಸಿಕೊಂಡರು. 1973ರ ತಿದ್ದುಪಡಿಯಿಂದ ಆ ವರ್ಷ ಫೆಬ್ರವರಿ 1ರಂದು ಹಾಗೆ ಲೈಸೆನ್ಸಿನ ಮೇಲೆ ಇದ್ದವರೂ ಬಾಡಿಗೆದಾರರೆನಿಸಿಕೊಂಡಾಗ ಮಾಲೀಕರ ಅಂಜಿಕೆ ಇನ್ನೂ ಹೆಚ್ಚಿತು.

ಹನ್ನೊಂದರ ಗುಟ್ಟು ಇರುವುದು 1908ರ ನೋಂದಣಿ ಕಾಯ್ದೆಯಲ್ಲಿ. ಒಂದು ವರ್ಷ ಮೀರಿದ ಲೀಸನ್ನು ರಿಜಿಸ್ಟರ್ ಮಾಡಿಸಲೇಬೇಕು. ಒಂದು ತಿಂಗಳು ಕಡಿಮೆ ಬರೆದರೆ ಖರ್ಚೂ ಉಳಿಯಿತು, ಓಡಾಟವೂ ತಪ್ಪಿತು. ಈ ರೂಢಿ ದೇಶದ ತುಂಬ ಹಬ್ಬಿತು.

ಆದರೆ ಮಹಾರಾಷ್ಟ್ರದಲ್ಲಿ ಈ ಉಪಾಯ ಎಂದೋ ಸವಕಲಾಗಿದೆ. 2000ದಲ್ಲಿ ಜಾರಿಗೆ ಬಂದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಆ್ಯಂಡ್ ಲೈಸೆನ್ಸ್ ಎಷ್ಟೇ ತಿಂಗಳದ್ದಿರಲಿ, ಬರವಣಿಗೆಯಲ್ಲಿರಬೇಕು, ರಿಜಿಸ್ಟರ್ ಆಗಬೇಕು. ಮಾಡಿಸುವ ಹೊಣೆ ಮಾಲೀಕರದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ರಿಜಿಸ್ಟರ್ ಆಗದಿದ್ದಲ್ಲಿ, ಬೇರೆ ಪುರಾವೆ ಬರುವ ತನಕ, ಶರತ್ತುಗಳ ಬಗ್ಗೆ ಮನೆಯಲ್ಲಿದ್ದವನ ಮಾತೇ ನಿಲ್ಲುತ್ತದೆ.

ಇದನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 2005ರಲ್ಲಿ ಕಾನೂನು ನನ್ನ ಪಕ್ಕದಲ್ಲೇ ನಿಂತಿತ್ತು. ನಾನೇ ಅದರ ಮುಖ ನೋಡಿರಲಿಲ್ಲ.

ಈ ಸಲ ಹಾಗಾಗಲು ಬಿಡಲಿಲ್ಲ. ಮಗಳನ್ನು ಒಂದು ವಾರ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಇಬ್ಬರೂ ಸೇರಿ ನಾಲ್ಕು ರೂಮು ನೋಡಿದೆವು, ಒಂದನ್ನು ರಾತ್ರಿ ಒಂಬತ್ತಕ್ಕೆ ಮತ್ತೆ ಹೋಗಿ ನೋಡಿದೆವು: ಬೀದಿದೀಪ ಇದೆಯೇ, ಬಾಗಿಲ ಚಿಲಕ ಗಟ್ಟಿಯೇ. ಮನೆ ಯಾರದೆಂದು ಇಂಡೆಕ್ಸ್-2 ತೋರಿಸಲು ಕೇಳಿದೆವು. ಕರಾರು ಆನ್‌ಲೈನ್ ರಿಜಿಸ್ಟರ್ ಆಯಿತು, ಡಿಪಾಜಿಟ್ಟಿನ ಮೊತ್ತ ಅದರಲ್ಲೇ ಬರೆಸಿ, ಹಣವನ್ನು ಮಾಲೀಕರ ಖಾತೆಗೇ ಹಾಕಿದೆವು. ಒಳಹೋದ ದಿನ ಗೋಡೆ, ನಲ್ಲಿ, ಫ್ಯಾನು ಎಲ್ಲದರ ಫೋಟೋ ತೆಗೆದಳು.

"ಇಷ್ಟೆಲ್ಲಾ ಕೇಳಿದ್ರ ಅವರಿಗೆ ಸಿಟ್ಟ ಬರೂದಿಲ್ಲೇನು ಕಾಕಾ?" ಎಂದು ಅವಳಿಗೆ ಸಂಕೋಚ. ಬರಲಿಲ್ಲ. "ಈಗಲೇ ಎಲ್ಲ ಕೇಳಿದ್ದು ಒಳ್ಳೆಯದಾಯಿತು" ಎಂದು ಆ ಅಜ್ಜಿ ಮರಾಠಿಯಲ್ಲಿ ಹೇಳಿ ಚಹಾ ಕೊಟ್ಟರು.

ಬೇರೆ ಕಡೆ ನೋಡಿದ ಮೂರು ಮನೆಗಳಲ್ಲಿ ಒಂದರಲ್ಲಿ ಮಾತ್ರ ಮೊದಲ ಪ್ರಶ್ನೆ "ನೀವು ಯಾವ ಜನ?" ಎಂದಿತ್ತು. ಬಾಡಿಗೆ ಕಡಿಮೆಯಿತ್ತು, ಕಾಲೇಜೂ ಹತ್ತಿರ. ನಾನು ಉತ್ತರ ಹುಡುಕುವ ಮೊದಲೇ ಮಗಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಿಂತಿದ್ದಳು.