ಬದಲಾದದ್ದು ಯಾವುದು, ಲೆಕ್ಕಕ್ಕೆ ಬರುವುದು ಯಾವುದು: ಜಾಲತಾಣಗಳ ಮೇಲೆ ನಿಗಾ ಇಡುವ ತಂತ್ರಾಂಶಗಳ ಹೊಸ ಸೌಲಭ್ಯಗಳು

2017ರ ಏಪ್ರಿಲ್ 28ರ ಸಂಜೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಜಾಲತಾಣವನ್ನು ಹೊಸ ಆಡಳಿತದ ಆದ್ಯತೆಗಳಿಗೆ ಹೊಂದಿಸುತ್ತಿರುವುದಾಗಿ ಪ್ರಕಟಿಸಿತು. ಹವಾಮಾನ ಬದಲಾವಣೆಯ ವಿಜ್ಞಾನವನ್ನು ವರ್ಷಗಟ್ಟಲೆ ವಿವರಿಸುತ್ತ ಬಂದಿದ್ದ ಪುಟಗಳನ್ನು ತೆರೆದವರಿಗೆ, ಅವು ಪರಿಷ್ಕರಣೆಯಲ್ಲಿವೆ ಎಂಬ ಸೂಚನೆ ಮಾತ್ರ ಕಂಡಿತು. ಪುಟಕ್ಕೆ ಪುಟವೇ ಮಾಯವಾದಾಗ ಅದನ್ನು ಪತ್ತೆಹಚ್ಚಲು ತಂತ್ರಾಂಶ ಬೇಕಿಲ್ಲ. ಆದರೆ 2016ರ ನವೆಂಬರ್‌ನಲ್ಲಿ ಹುಟ್ಟಿಕೊಂಡ ಎನ್ವಿರಾನ್‌ಮೆಂಟಲ್ ಡೇಟಾ ಅಂಡ್ ಗವರ್ನೆನ್ಸ್ ಇನಿಶಿಯೇಟಿವ್ ಎಂಬ ಸಂಶೋಧಕರ ಬಳಗ ಸುಮಾರು 25,000 ಸರ್ಕಾರಿ ಪುಟಗಳ ಮೇಲೆ ನಿಗಾ ಇಟ್ಟು, 2018ರ ಜನವರಿಯಲ್ಲಿ ಹೊರತಂದ ವರದಿಯಲ್ಲಿ ತೋರಿಸಿದ ಬದಲಾವಣೆಗಳು ಇನ್ನೊಂದು ಬಗೆಯವು. ಪುಟ ಅಲ್ಲೇ ಇದೆ, ವಿನ್ಯಾಸವೂ ಅದೇ. 'ಹವಾಮಾನ ಬದಲಾವಣೆ' ಎಂದಿದ್ದ ಕಡೆ 'ಸುಸ್ಥಿರತೆ'ಯಂಥ ಮೆತ್ತನೆಯ ಮಾತು ಬಂದು ಕೂತಿದೆ. ಕೊಂಡಿಯೊಂದು ಪಟ್ಟಿಯಿಂದ ಜಾರಿದೆ. ಇಂಥದ್ದನ್ನು ಹಿಡಿಯಲು ಯಂತ್ರ ಬೇಕೇ ಬೇಕು. ಯಂತ್ರ ಹಿಡಿದುಕೊಟ್ಟದ್ದರಲ್ಲಿ ಬಹುಪಾಲು ಮೆನು, ದಿನಾಂಕ, ಅಡಿಟಿಪ್ಪಣಿಗಳ ಸಣ್ಣಪುಟ್ಟ ಏರುಪೇರು. ಅದರೊಳಗಿಂದ ಅರ್ಥವುಳ್ಳದ್ದನ್ನು ಆರಿಸಲು ಮನುಷ್ಯರೇ ಸಾಲುಸಾಲಾಗಿ ಓದಬೇಕಾಯಿತು.

ಈ ಆರಿಸುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವೇ ಇತ್ತೀಚಿನ ನಿಗಾ ತಂತ್ರಾಂಶಗಳ ಹೊಸ ಸೌಲಭ್ಯಗಳ ತಿರುಳು. ಬದಲಾವಣೆಯನ್ನು ಕಾಣುವ ವಿದ್ಯೆ ಮೂವತ್ತು ವರ್ಷಗಳ ಹಿಂದೆಯೇ ಹೆಚ್ಚುಕಡಿಮೆ ಕೈಗೂಡಿತ್ತು. ಆಮೇಲೆ ಬಂದದ್ದೆಲ್ಲ ಬಹಳಮಟ್ಟಿಗೆ ಬದಲಾವಣೆಯನ್ನು ಕಡೆಗಣಿಸುವ ವಿದ್ಯೆ. ಯಾವುದನ್ನು ಕಡೆಗಣಿಸಲಾಯಿತು ಎಂಬುದು ಎಲ್ಲಿಯೂ ದಾಖಲಾಗದಿದ್ದರೆ, ಅಂಥ ತಂತ್ರಾಂಶದ ಫಲಿತಾಂಶವನ್ನು ಸಂಶೋಧನೆಯ ಆಕರವೆಂದು ಒಪ್ಪುವುದು ಕಷ್ಟ ಎಂಬುದು ಈ ಲೇಖನದ ವಾದ.

ಜಾಲದ ಮೂಲ ನಿಯಮಾವಳಿಯಲ್ಲೇ ಬದಲಾವಣೆಯನ್ನು ವಿಚಾರಿಸುವ ಏರ್ಪಾಡಿದೆ. 1996ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1945 ಎಂದು ದಾಖಲಾದ ಎಚ್‌ಟಿಟಿಪಿ 1.0ರ ಪ್ರಕಾರ, ಇಂಥ ದಿನದ ಈಚೆಗೆ ಪುಟ ಬದಲಾಗಿದ್ದರೆ ಮಾತ್ರ ಕಳಿಸು ಎಂದು ಬ್ರೌಸರ್ ಕೇಳಬಹುದು; ಬದಲಾಗಿಲ್ಲವಾದರೆ ಸರ್ವರ್ 304 ಎಂಬ ಸಂಖ್ಯೆಯನ್ನಷ್ಟೇ ಹಿಂದಿರುಗಿಸುತ್ತದೆ. ಮರುವರ್ಷದ 1.1ರಲ್ಲಿ ಪುಟದ ಪ್ರತಿ ಆವೃತ್ತಿಗೂ ಗುರುತುಪಟ್ಟಿ ಅಂಟಿಸುವ ಇಟ್ಯಾಗ್ ಸೇರಿತು. ಕಾಗದದ ಮೇಲೆ ಇದು ಅಚ್ಚುಕಟ್ಟು. ಆದರೆ ಕೇಳಿದಾಗಲೆಲ್ಲ ದತ್ತಸಂಚಯದಿಂದ ಹೊಸದಾಗಿ ಹೆಣೆದು ಕೊಡುವ ಪುಟಕ್ಕೆ 'ಕೊನೆಯ ಬದಲಾವಣೆ'ಯ ದಿನಾಂಕವೇ ಇರುವುದಿಲ್ಲ, ಇದ್ದರೂ ಅದು ಈ ಕ್ಷಣದ್ದಾಗಿರುತ್ತದೆ. ಹೀಗಾಗಿ ಸರ್ವರ್‌ನ ಮಾತನ್ನು ನಂಬದೆ, ಪುಟವನ್ನು ತಾನೇ ತರಿಸಿಕೊಂಡು ಹಳೆಯದರ ಜೊತೆ ಹೋಲಿಸುವುದು ತಂತ್ರಾಂಶಗಳಿಗೆ ಅನಿವಾರ್ಯವಾಯಿತು.

ಆ ಕೆಲಸದ ಮೊದಲ ಗಂಭೀರ ಪ್ರಯೋಗಗಳಲ್ಲೊಂದು ಎಟಿ ಅಂಡ್ ಟಿ ಪ್ರಯೋಗಾಲಯದ 'ಇಂಟರ್‌ನೆಟ್ ಡಿಫರೆನ್ಸ್ ಎಂಜಿನ್'. ಫ್ರೆಡ್ ಡಗ್ಲಿಸ್ ಮತ್ತು ಥಾಮಸ್ ಬಾಲ್ 1996ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಅದಕ್ಕೆ ಮೂರು ಅಂಗ: ಬಳಕೆದಾರ ಗುರುತಿಟ್ಟ ಪುಟಗಳನ್ನು ನಿಗದಿತ ಅಂತರದಲ್ಲಿ ತಪಾಸಣೆ ಮಾಡುವುದು ಒಂದು, ಹಳೆಯ ಆವೃತ್ತಿಗಳನ್ನು ಆರ್‌ಸಿಎಸ್ ಎಂಬ ಆವೃತ್ತಿ ನಿರ್ವಹಣೆಯ ಸಾಧನದಲ್ಲಿ ಕಾದಿಡುವುದು ಇನ್ನೊಂದು, ಎರಡು ಆವೃತ್ತಿಗಳನ್ನು ಬೆಸೆದು, ಅಳಿಸಿದ್ದನ್ನು ಗೆರೆ ಹೊಡೆದು, ಸೇರಿಸಿದ್ದನ್ನು ದಪ್ಪಕ್ಷರದಲ್ಲಿ ತೋರಿಸುವ ಎಚ್‌ಟಿಎಂಎಲ್‌ಡಿಫ್ ಮೂರನೆಯದು. ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಹಂಟ್ ಮತ್ತು ಮೆಕಿಲ್‌ರಾಯ್ ರೂಪಿಸಿದ, ಕಡತಗಳನ್ನು ಹೋಲಿಸುವ ಡಿಫ್ ಎಂಬ ಸಾಧನ ಸಾಲನ್ನು ಘಟಕವಾಗಿ ಹಿಡಿದಿತ್ತು. ಎಚ್‌ಟಿಎಂಎಲ್‌ಡಿಫ್ ವಾಕ್ಯವನ್ನು ಹಿಡಿಯಿತು. ಎಚ್‌ಟಿಎಂಎಲ್‌ನಲ್ಲಿ ಸಾಲು ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಅರ್ಥವಿಲ್ಲ ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ತೆರೆದಷ್ಟು ಸಲವೂ ಏರುವ ಭೇಟಿಗಳ ಎಣಿಕೆ, ಪುಟದೊಳಗಿನ ಗಡಿಯಾರ ಮುಂತಾದ ಗದ್ದಲದ ತೊಂದರೆ ಆಗಲೇ ಅವರ ಅರಿವಿಗೆ ಬಂದಿತ್ತು. ಇಂದಿನ ಯಾವ ನಿಗಾ ತಂತ್ರಾಂಶವನ್ನು ಬಿಚ್ಚಿ ನೋಡಿದರೂ ಈ ಮೂರೇ ಅಂಗಗಳು ಸಿಗುತ್ತವೆ.

ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಎಂಬ ಪ್ರಶ್ನೆಗೆ ಸ್ಟ್ಯಾನ್‌ಫರ್ಡ್‌ನ ಜುಂಗ್‌ಹೂ ಚೋ ಮತ್ತು ಹೆಕ್ಟರ್ ಗಾರ್ಸಿಯಾ-ಮೊಲಿನಾ 2000ದಲ್ಲಿ ಕೊಟ್ಟ ಉತ್ತರ ಇಂದಿಗೂ ಮನನೀಯ. 270 ತಾಣಗಳ 7,20,000 ಪುಟಗಳನ್ನು ನಾಲ್ಕು ತಿಂಗಳು ದಿನಾಲೂ ತರಿಸಿ ನೋಡಿದಾಗ, ಡಾಟ್ ಕಾಮ್ ಪುಟಗಳಲ್ಲಿ ಶೇ 40ಕ್ಕೂ ಹೆಚ್ಚು ದಿನದಿನವೂ ಬದಲಾಗುತ್ತಿದ್ದವು; ಸರ್ಕಾರಿ ಮತ್ತು ಶೈಕ್ಷಣಿಕ ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಬದಲಾಗಲಿಲ್ಲ. ಬೇಗ ಬದಲಾಗುವ ಪುಟಕ್ಕೆ ಹೆಚ್ಚು ಸಲ ಹೋಗಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಸಂಗ್ರಹದ ತಾಜಾತನವೇ ಗುರಿಯಾದರೆ ಅದು ತಪ್ಪೆಂದು ಅವರು ಗಣಿತದಿಂದ ತೋರಿಸಿದರು. ನಿಮಿಷಕ್ಕೊಮ್ಮೆ ಬದಲಾಗುವ ಪುಟ ಎಷ್ಟು ಸಲ ತಂದರೂ ಹಳಸುತ್ತದೆ. ಆ ಭೇಟಿಗಳನ್ನು ನಿಧಾನದ ಪುಟಗಳಿಗೆ ಹಂಚಿದರೆ ಒಟ್ಟು ಸಂಗ್ರಹ ತಾಜಾ ಆಗಿರುತ್ತದೆ. ಈ ತರ್ಕ ಶೋಧಯಂತ್ರಕ್ಕೆ ಒಪ್ಪುತ್ತದೆ, ನಿಗಾ ಇಡುವವರಿಗೆ ಹಾಗೆಯೇ ಒಪ್ಪುವುದಿಲ್ಲ. ಟೆಂಡರ್ ಪ್ರಕಟಣೆಯೊಂದು ಬೆಳಿಗ್ಗೆ ಏರಿ ಮಧ್ಯಾಹ್ನ ಇಳಿದುಹೋದರೆ, ದಿನಕ್ಕೊಮ್ಮೆ ರಾತ್ರಿ ನೋಡುವವನ ಸಂಗ್ರಹ ಪೂರ್ತಿ ತಾಜಾ ಆಗಿಯೇ ಇರುತ್ತದೆ. ಪ್ರಕಟಣೆ ಬಂದು ಹೋದ ಸುಳಿವು ಮಾತ್ರ ಅದರಲ್ಲಿರುವುದಿಲ್ಲ. ಕಚೇರಿಯ ವೇಳೆಯಲ್ಲಿ ಒತ್ತಾಗಿ, ಮಿಕ್ಕ ಹೊತ್ತು ವಿರಳವಾಗಿ ನೋಡಲು ಬಿಡುವ ವೇಳಾಪಟ್ಟಿಯ ಸೌಲಭ್ಯ ಇತ್ತೀಚಿನ ತಂತ್ರಾಂಶಗಳಲ್ಲಿ ಬಂದಿರುವುದು ಇದಕ್ಕಾಗಿಯೇ. ಹೆಚ್ಚು ಸದ್ದು ಮಾಡದ, ಆದರೆ ನನ್ನ ದೃಷ್ಟಿಯಲ್ಲಿ ಅತ್ಯುಪಯುಕ್ತವಾದ ಸೇರ್ಪಡೆ ಇದು.

ಈಗ ಗದ್ದಲದ ವಿಷಯ. ಥಾಮಸ್ ಪರ್ಲ್ ಬರೆದ ಯುಆರ್‌ಎಲ್‌ವಾಚ್, ಮುಕ್ತ ಆಕರದ ಚೇಂಜ್‌ಡಿಟೆಕ್ಷನ್.ಐಒ ಎರಡನ್ನೂ ಇಲ್ಲಿ ಮಾದರಿಯಾಗಿ ತೆಗೆದುಕೊಳ್ಳುತ್ತೇನೆ. ಎರಡೂ ಪೈಥಾನ್‌ನಲ್ಲಿವೆ, ಎರಡರ ಒಳಗನ್ನೂ ಯಾರು ಬೇಕಾದರೂ ಓದಬಹುದು. ಪುಟದ ಒಂದು ಭಾಗವನ್ನು ಮಾತ್ರ ನೋಡಲು ಸಿಎಸ್‌ಎಸ್ ಅಥವಾ ಎಕ್ಸ್‌ಪಾತ್ ಸೂತ್ರ ಬರೆಯಬೇಕಾಗಿದ್ದ ಕಾಲದಲ್ಲಿ ಇಂಥ ಸಾಧನಗಳು ಪ್ರೋಗ್ರಾಮರ್‌ಗಳ ಕೈಯಲ್ಲೇ ಉಳಿದಿದ್ದವು. ಚೇಂಜ್‌ಡಿಟೆಕ್ಷನ್.ಐಒದಲ್ಲಿ ಈಗ ಪುಟದ ಸ್ಕ್ರೀನ್‌ಶಾಟ್ ಮೇಲೆ ಮೌಸ್ ಇಟ್ಟು ಬೇಕಾದ ಚೌಕವನ್ನು ಕ್ಲಿಕ್ ಮಾಡಿದರೆ ಸೂತ್ರವನ್ನು ತಂತ್ರಾಂಶವೇ ಬರೆದುಕೊಳ್ಳುತ್ತದೆ. ಪತ್ರಕರ್ತರಿಗೂ ಗ್ರಂಥಪಾಲಕರಿಗೂ ಬಾಗಿಲು ತೆರೆದದ್ದು ಇದೇ. ಆದರೆ ಕೈಯಾರೆ ಸೂತ್ರ ಬರೆದವನಿಗೆ ತಾನು ಏನನ್ನು ಹೊರಗಿಟ್ಟೆ ಎಂಬ ಅರಿವಿರುತ್ತಿತ್ತು. ಚೌಕ ಕ್ಲಿಕ್ ಮಾಡಿದವನಿಗೆ ತಾನು ಒಳಗಿಟ್ಟದ್ದು ಮಾತ್ರ ಗೊತ್ತು.

ಸಾಲುಗಳ ಮಟ್ಟದ ಸೌಲಭ್ಯಗಳು ಇನ್ನೂ ಸ್ವಾರಸ್ಯಕರ. ಸೇರಿದ ಸಾಲುಗಳಿಗೆ ಮಾತ್ರ ಎಚ್ಚರಿಸು, ಅಳಿದವಕ್ಕೆ ಬೇಡ ಎನ್ನಬಹುದು. ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸಿದರೆ ಪಟ್ಟಿಯ ಕ್ರಮ ಕದಲಿದ್ದು ಬದಲಾವಣೆಯಾಗಿ ಎಣಿಸಲ್ಪಡುವುದಿಲ್ಲ. ಹಿಂದಿನ ಯಾವ ಆವೃತ್ತಿಯಲ್ಲೂ ಕಾಣದ ಸಾಲು ಬಂದಾಗ ಮಾತ್ರ ಸುದ್ದಿ ಕೊಡು ಎಂದೂ ಹೇಳಬಹುದು. ಒಂದೇ ಸುದ್ದಿ ಮೇಲೆ ಕೆಳಗೆ ಓಡಾಡುವ ಮುಖಪುಟಗಳಿಗೆ ಇದು ಹೇಳಿಮಾಡಿಸಿದಂತಿದೆ. ಆದರೆ ಇದೇ ಆಯ್ಕೆ, ತೆಗೆದುಹಾಕಿದ ಹಳೆಯ ಹೇಳಿಕೆಯೊಂದು ಸದ್ದಿಲ್ಲದೆ ಮರಳಿ ಬಂದಾಗ ತುಟಿಪಿಟಿಕ್ಕೆನ್ನದು. ತೆಗೆದದ್ದು ಮರಳುವುದೇ ಕೆಲವೊಮ್ಮೆ ಅಧ್ಯಯನದ ವಸ್ತು.

ಲಾಗಿನ್ ಮಾಡಿ, ಫಾರ್ಮ್ ತುಂಬಿ, ಕುಕೀ ಒಪ್ಪಿಗೆಯ ಗುಂಡಿ ಒತ್ತಿ ಒಳಗಿನ ಪುಟಕ್ಕೆ ಹೋಗುವ ಹೆಜ್ಜೆಗಳನ್ನು ಕಲಿಸಿಕೊಡುವ ಸೌಲಭ್ಯವಿದೆ. ಬ್ರೌಸರನ್ನು ನಡೆಸುವ ಪ್ಲೇರೈಟ್ ಎಂಬ ಸಾಧನದ ಮೂಲಕ ನಿಜವಾದ ಬ್ರೌಸರೇ ಹಿನ್ನೆಲೆಯಲ್ಲಿ ಓಡುತ್ತದೆ. ಅಂಗಡಿ ಪುಟಗಳಲ್ಲಿ ಬೆಲೆ ಮತ್ತು ದಾಸ್ತಾನನ್ನು ಗುರುತಿಸುವ ಸೌಲಭ್ಯವೂ ಇದೆ. ಅದು ಪುಟದೊಳಗೆ ಯಂತ್ರಗಳಿಗಾಗಿಯೇ ಅಡಗಿಸಿಟ್ಟ, ಸ್ಕೀಮಾ.ಆರ್ಗ್ ಮಾದರಿಯ ಮಾಹಿತಿಯನ್ನು ಓದುತ್ತದೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಎಚ್ಚರಿಕೆ ಸಾಕು: ಯಂತ್ರಗಳು ಎಲ್ಲಿಗೆ ಹೋಗಬಾರದೆಂದು ತಾಣಗಳು ಸೂಚಿಸುವ ರೋಬಾಟ್ಸ್ ಕಡತದ ಪದ್ಧತಿ 1994ರಷ್ಟು ಹಳೆಯದು, 2022ರಲ್ಲಿ ಆರ್‌ಎಫ್‌ಸಿ 9309 ಆಗಿ ವಿಧಿವತ್ತಾಗಿ ದಾಖಲಾಯಿತು. ಮನುಷ್ಯನ ವೇಷದಲ್ಲಿ ಓಡುವ ಬ್ರೌಸರ್‌ಗೆ ಅದನ್ನು ಪಾಲಿಸುವ ಒತ್ತಾಯ ಯಾವುದೂ ಇಲ್ಲ, ಪಾಲಿಸುವ ಹೊಣೆ ಬಳಸುವವರದು.

ಎಷ್ಟು ಬದಲಾಯಿತು ಎಂದು ಅಳೆಯುವುದು ಇನ್ನೊಂದು ದಾರಿ. ಮೋಸೆಸ್ ಚರಿಕರ್ 2002ರಲ್ಲಿ ಸೂಚಿಸಿದ ವಿಧಾನದಿಂದ ಬೆಳೆದ ಸಿಮ್‌ಹ್ಯಾಶ್, ಪುಟವನ್ನು ಒಂದು ಬೆರಳಚ್ಚಿಗೆ ಇಳಿಸುತ್ತದೆ. ಹೋಲುವ ಪುಟಗಳ ಬೆರಳಚ್ಚುಗಳು ಕೆಲವೇ ಬಿಟ್‌ಗಳಲ್ಲಿ ಭಿನ್ನವಾಗಿರುತ್ತವೆ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ ತನ್ನ 'ಚೇಂಜಸ್' ವಿಭಾಗದಲ್ಲಿ ಪ್ರತಿಗಳ ನಡುವಿನ ಅಂತರವನ್ನು ಹೀಗೆ ಅಳೆದು, ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು, ಅಳಿದದ್ದನ್ನು ಹಳದಿಯಲ್ಲೂ ಸೇರಿದ್ದನ್ನು ನೀಲಿಯಲ್ಲೂ ತೋರಿಸುತ್ತದೆ. ಸಾವಿರಾರು ಪ್ರತಿಗಳ ನಡುವೆ ದೊಡ್ಡ ತಿರುವು ಎಲ್ಲಿದೆ ಎಂದು ಹುಡುಕಲು ಇದು ಅನುಕೂಲ. ಇದನ್ನೇ ಎಚ್ಚರಿಕೆಯ ಮಿತಿಯಾಗಿಸಿಕೊಂಡರೆ ಅಪಾಯ. ಅರ್ಜಿಯ ಕೊನೆಯ ದಿನ 25ರಿಂದ 15ಕ್ಕೆ ಬಂದರೆ ಬದಲಾದದ್ದು ಒಂದು ಅಂಕಿ. 'ಸಲ್ಲಿಸಬಹುದು' ಎಂಬುದು 'ಸಲ್ಲಿಸಬಾರದು' ಆದರೆ ಪದದ ನಡುಭಾಗ ಮಾತ್ರ. ಶೇಕಡಾವಾರಿನ ಜರಡಿಯಲ್ಲಿ ಇವೆರಡೂ ಹೊಟ್ಟಿನ ಜೊತೆ ಕೆಳಗಿಳಿಯುತ್ತವೆ.

ಕಳೆದ ಕೆಲವು ವರ್ಷಗಳಲ್ಲಿ ಭಾಷಾ ಮಾದರಿಗಳು ಈ ಕ್ಷೇತ್ರಕ್ಕೆ ಬಂದಿವೆ. ವಿಷುವಲ್‌ಪಿಂಗ್‌ನಂಥ ವಾಣಿಜ್ಯ ಸೇವೆಗಳು ಬದಲಾವಣೆಯ ಸಾರಾಂಶವನ್ನು ಒಂದೆರಡು ವಾಕ್ಯಗಳಲ್ಲಿ ಬರೆದು ಕಳಿಸುತ್ತವೆ. ಇಂಥ ಬದಲಾವಣೆ ಮಾತ್ರ ನನಗೆ ಮುಖ್ಯ ಎಂದು ಮಾತಿನಲ್ಲೇ ಹೇಳಿ ಸೋಸಿಸಬಹುದು. ಓದುವ ಹೊರೆ ಇಳಿಯುವುದು ನಿಜ. ಆದರೆ ಸೂತ್ರದ ಸೋಸಣೆಗೂ ಮಾದರಿಯ ಸೋಸಣೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಯುಆರ್‌ಎಲ್‌ವಾಚ್‌ನಲ್ಲಿ ಎಚ್‌ಟಿಎಂಎಲ್ ಕಳಚು, ಇಂಥ ಸಾಲು ಬಿಡು, ಜೋಡಿಸು ಎಂಬ ಸರಪಳಿ ಒಂದು ಸಾದಾ ಕಡತದಲ್ಲಿ ಬರೆದಿರುತ್ತದೆ. ಅದೇ ಕಡತವನ್ನು ಅದೇ ಪ್ರತಿಗಳ ಮೇಲೆ ಐದು ವರ್ಷ ಬಿಟ್ಟು ಓಡಿಸಿದರೂ ಅದೇ ಫಲಿತಾಂಶ ಬರಬೇಕು. ಬರದಿದ್ದರೆ ಕಾರಣ ಹುಡುಕಬಹುದು. ಮಾದರಿಯ ತೀರ್ಪು ಹಾಗಲ್ಲ. ಸೇವೆಯವರು ಮಾದರಿಯನ್ನು ಬದಲಿಸಿದ ದಿನ, ನಿನ್ನೆ ಮುಖ್ಯವಾಗಿದ್ದದ್ದು ಇವತ್ತು ಅಮುಖ್ಯವಾಗಬಹುದು. 'ಹವಾಮಾನ ಬದಲಾವಣೆ' 'ಸುಸ್ಥಿರತೆ'ಯಾದದ್ದನ್ನು ಭಾಷೆಯ ಸಣ್ಣ ಪರಿಷ್ಕರಣೆ ಎಂದು ಸಾರಾಂಶ ಬರೆಯುವ ಮಾದರಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ.

ಸುಳ್ಳು ಎಚ್ಚರಿಕೆ ಬಂದರೆ ಬಳಕೆದಾರ ಗೊಣಗುತ್ತಾನೆ, ಸರಿಪಡಿಸುತ್ತಾನೆ. ಬರಬೇಕಾದ ಎಚ್ಚರಿಕೆ ಬಾರದಿದ್ದರೆ ಅದು ಅವನಿಗೆ ತಿಳಿಯುವ ದಾರಿಯೇ ಇಲ್ಲ. ಈ ಅಸಮತೋಲನವನ್ನು ತಂತ್ರಾಂಶ ಬರೆಯುವವರು ಸ್ವಲ್ಪಮಟ್ಟಿಗೆ ಗಮನಿಸಿದ್ದಾರೆ: ತಾಣದ ವಿನ್ಯಾಸ ಬದಲಾಗಿ ಹಳೆಯ ಸೂತ್ರಕ್ಕೆ ಏನೂ ಸಿಗದಿದ್ದರೆ, ಕೆಲವು ಪ್ರಯತ್ನಗಳ ಬಳಿಕ 'ನಿಮ್ಮ ಫಿಲ್ಟರ್ ಕೆಲಸ ಮಾಡುತ್ತಿಲ್ಲ' ಎಂದು ಚೇಂಜ್‌ಡಿಟೆಕ್ಷನ್.ಐಒ ಬಳಕೆದಾರನಿಗೆ ತಿಳಿಸುತ್ತದೆ. ಇದೇ ದಿಕ್ಕಿನಲ್ಲಿ ಇನ್ನೂ ಎರಡು ಬೇಕು ಎನ್ನುವುದು ನನ್ನ ಅಭಿಪ್ರಾಯ. ಸೋಸುವ ಮೊದಲಿನ ಪೂರ್ತಿ ಪ್ರತಿಯನ್ನು ಕಾದಿಡುವುದು. ಮತ್ತು ತಡೆಹಿಡಿದ ಬದಲಾವಣೆಗಳ ಪಟ್ಟಿಯನ್ನು, ಯಾವ ನಿಯಮದಿಂದ ತಡೆಯಲಾಯಿತು ಎಂಬ ಟಿಪ್ಪಣಿಯೊಂದಿಗೆ, ಬೇಕೆಂದಾಗ ತೋರಿಸುವುದು.

ಕನ್ನಡ ಪುಟಗಳ ಮೇಲೆ ನಿಗಾ ಇಡುವವರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಯುನಿಕೋಡ್‌ನಲ್ಲಿ 'ಕೋ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅದರ ಅಂಗಗಳಾದ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ, ಕಣ್ಣಿಗೂ ಒಂದೇ. ಬೈಟ್‌ಗಳನ್ನು ಹೋಲಿಸುವ ತಂತ್ರಾಂಶಕ್ಕೆ ಬೇರೆ ಬೇರೆ. ಪಠ್ಯವನ್ನು ಮೊದಲು ಸಾಮಾನ್ಯ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಅರ್ಧಾಕ್ಷರದ ಮುಂದೆ ಬರುವ ಅಗೋಚರ ಶೂನ್ಯ ಅಗಲದ ಸಂಕೇತ ಮಾತ್ರ ಹಾಗೆ ಬಗೆಹರಿಯುವುದಿಲ್ಲ: 'ರಾಜ್‌ಕುಮಾರ್' ನಡುವೆ ಅದು ಬೇಕು, ಪದದ ಕೊನೆಯಲ್ಲಿ ಇದ್ದರೂ ಇಲ್ಲದಿದ್ದರೂ ಓದುವವರಿಗೆ ಒಂದೇ. ಸಂಕೇತ ಸಂಕೇತವಾಗಿ ಬಣ್ಣ ಹಚ್ಚುವ ಹೋಲಿಕೆಯಂತೂ ವ್ಯಂಜನದಿಂದ ಗುಣಿತವನ್ನು ಕಿತ್ತು ಚುಕ್ಕಿವರ್ತುಲದ ಮೇಲೆ ಕೂರಿಸುತ್ತದೆ. ಕನ್ನಡಕ್ಕೆ ಹೋಲಿಕೆಯ ಘಟಕ ಪದವಾಗಬೇಕು, ಕೊನೆಯ ಪಕ್ಷ ಅಕ್ಷರವಾಗಬೇಕು.

ಪಿಡಿಎಫ್‌ಗಳದು ಬೇರೆಯೇ ಕಥೆ. ಕನ್ನಡದ ಸರ್ಕಾರಿ ಆದೇಶ, ಸುತ್ತೋಲೆಗಳು ಹೆಚ್ಚಾಗಿ ಪಿಡಿಎಫ್ ರೂಪದಲ್ಲೇ ಏರುತ್ತವೆ. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತದಿಂದ ಪಠ್ಯ ತೆಗೆದರೆ ಬರುವುದು ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ಸೋಜಿಗವೆಂದರೆ ಬದಲಾವಣೆಯ ಪತ್ತೆ ಅದರ ಮೇಲೂ ನಡೆಯುತ್ತದೆ, ಗೋಜಲಿಗೆ ಗೋಜಲನ್ನು ಹೋಲಿಸಲು ಅರ್ಥ ಬೇಕಿಲ್ಲ. ಕೆಡುವುದು ಹೊಸ ಸೌಲಭ್ಯಗಳು: 'ಅಧಿಸೂಚನೆ' ಎಂಬ ಪದ ಕಂಡರೆ ಮಾತ್ರ ಎಚ್ಚರಿಸು ಎಂದು ಇಟ್ಟ ನಿಯಮಕ್ಕೆ ಆ ಪದ ಎಂದೂ ಸಿಗದು, ಸಿಗಲಿಲ್ಲವೆಂದು ಯಾರೂ ಹೇಳರು. ಸ್ಕ್ಯಾನ್ ಮಾಡಿದ ಆದೇಶದಲ್ಲಿ ಪಠ್ಯವೇ ಇರುವುದಿಲ್ಲ. ಮೊದಲ ಸಲವೂ ಖಾಲಿ, ಅದೇ ವಿಳಾಸದಲ್ಲಿ ಆದೇಶ ಬದಲಾದ ಮೇಲೂ ಖಾಲಿ; ಖಾಲಿಗೂ ಖಾಲಿಗೂ ವ್ಯತ್ಯಾಸವಿಲ್ಲ. ಯುಆರ್‌ಎಲ್‌ವಾಚ್‌ನಲ್ಲಿ ಚಿತ್ರದಿಂದ ಅಕ್ಷರ ಓದಿಸುವ ಸೌಲಭ್ಯವಿದೆ, ಅದರ ಹಿಂದಿರುವ ಟೆಸರಾಕ್ಟ್‌ಗೆ ಕನ್ನಡವೂ ಬರುತ್ತದೆ; ಆದರೆ ಮಸುಕು ಪ್ರತಿಯಲ್ಲಿ ಒತ್ತಕ್ಷರಗಳನ್ನು ಅದು ತಪ್ಪಾಗಿ ಓದಿ, ಆದದ್ದಕ್ಕಿಂತ ಹೆಚ್ಚು ಬದಲಾವಣೆಯನ್ನು ವರದಿ ಮಾಡುವ ಸಂಭವವಿದೆ. ಈ ಓದು ಸುಧಾರಿಸುವವರೆಗೆ ಇಂಥ ಕಡತಗಳಿಗೆ ನೆಚ್ಚಬಹುದಾದ್ದು ಇಡೀ ಕಡತದ ಚೆಕ್‌ಸಮ್ ಒಂದೇ. ಏನು ಬದಲಾಯಿತು ಎಂದು ಅದು ಹೇಳದು. ಕಡತ ತೆರೆದು ಎರಡೂ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಓದುವ ಕೆಲಸ ಸಂಶೋಧಕರಿಗೇ ಉಳಿಯುತ್ತದೆ.